ಮಾತ್ರೆ ನುಂಗುವ ಡಾಕ್ಟರಮ್ಮ

ಪಾಠ ಶುರು ಮಾಡುವ ಮೊದಲು ಮನೋವೈದ್ಯೆ ಅಮಿತಾ ಎದುರಿಗೆ ಕೂತಿದ್ದ ಡಾಕ್ಟರುಗಳಿಗೆಲ್ಲ ತಮ್ಮ ಅಂಗೈಗೆ ತಾವೇ ಕಚಗುಳಿ ಇಟ್ಟುಕೊಳ್ಳಲು ಹೇಳಿದಳು. ಕಾರವಾರ, ಅಂಕೋಲಾ ಕಡೆಯ ಹಳ್ಳಿ ಆಸ್ಪತ್ರೆಗಳಿಂದ, ಸಣ್ಣಪುಟ್ಟ ಕ್ಲಿನಿಕ್ಕುಗಳಿಂದ ಬಂದವರು ಅವರು. ತಾವೇ ಕಟ್ಟಿಕೊಂಡಿದ್ದ ವೈದ್ಯರ ಬಳಗದಿಂದ ತಿಂಗಳಿಗೊಂದು ಭಾನುವಾರ ಕಾರವಾರದ ಕೋಡಿಬಾಗದ ಈ ಸಭಾಂಗಣದಲ್ಲಿ ಸೇರುತ್ತಿದ್ದರು. ಮಿದುಳಿನ ವಿಷಯ ಕೇಳಲು ಬಂದವರಿಗೆ ಇದೆಂಥ ಮಕ್ಕಳಾಟ ಅನ್ನಿಸಿತು. ಆದರೂ ಒಬ್ಬೊಬ್ಬರೇ ಅಂಗೈಯಲ್ಲಿ ಬೆರಳಾಡಿಸಿಕೊಂಡರು.

"ನಗು ಬಂತಾ?"

"ಇಲ್ಲ."

"ಈಗ ಪಕ್ಕದವರ ಕೈಗೆ ಇಡಿ."

ಸಭಾಂಗಣವೆಲ್ಲ ನಗು. ಬಳಗದ ಅಧ್ಯಕ್ಷರಾದ ಹಿರಿಯ ಡಾಕ್ಟರ್ ಸುಬ್ರಾಯರು ಕೈ ಎಳೆದುಕೊಂಡು, "ಸಾಕು ಮಾರಾಯ್ರೇ, ಸಾಕು!" ಎಂದು ಕೂಗಿದರು.

"ನಿಮ್ಮ ಬೆರಳು ಏನು ಮಾಡ್ತದೆ ಅನ್ನೂದು ನಿಮ್ಮ ಮಿದುಳಿಗೆ ಮೊದಲೇ ಗೊತ್ತಿರ್ತದೆ. ಇದು ನಂದೇ ಅಂತ ಅದು ಒಂದು ಗುರುತು ಹಾಕಿ ಬಿಡ್ತದೆ," ಎಂದಳು ಅಮಿತಾ. "ಮನಸ್ಸಿನೊಳಗೆ ಆಡ್ಕೊಳ್ಳೂ ಮಾತಿಗೂ ಹಾಗೇ. ಸ್ಕಿಜೋಫ್ರೇನಿಯಾದಲ್ಲಿ ಆ ಗುರುತು ತಪ್ಪಿಹೋಗ್ತದೆ ಅಂತ ಕಾಣ್ತದೆ. ತನ್ನೊಳಗಿನ ಮಾತೇ ಬೇರೆಯವರ ದನಿಯಾಗಿ ಕೇಳ್ತದೆ. ಹಾಗಾಗಿ ನಿಮ್ಮ ರೋಗಿ ಸುಳ್ಳು ಹೇಳ್ತಿಲ್ಲ. ಅವರಿಗೆ ನಿಜವಾಗಿ ಕೇಳ್ತಾ ಇದೆ."

ಅವಳು ಪರದೆಯ ಮೇಲೆ ಮಿದುಳಿನ ಚಿತ್ರ ತೋರಿಸಿದಳು. ದನಿ ಕೇಳಿಸುತ್ತಿರುವಾಗ ತೆಗೆದ ಸ್ಕ್ಯಾನುಗಳು. ಮಾತು ಹುಟ್ಟುವ ಕಡೆ, ಮಾತು ಕೇಳುವ ಕಡೆ ಕೆಂಪು ಬಣ್ಣ ಹತ್ತಿತ್ತು.

ಎರಡನೆಯ ಸಾಲಿನಿಂದ ಡಾಕ್ಟರ್ ಸಂದೀಪ ಎದ್ದು ನಿಂತ. ಅಂಕೋಲಾದಲ್ಲಿ ಅವನ ಕ್ಲಿನಿಕ್ಕು ಯಾವಾಗಲೂ ತುಂಬಿರುತ್ತಿತ್ತು. ಒಳ್ಳೆಯ ಕೈಗುಣ ಎಂದು ಹೆಸರು.

"ಮೇಡಂ, ಇಷ್ಟು ಚಂದ ಕಾಣ್ತದೆ ಅಂದ್ರೆ, ಸ್ಕ್ಯಾನ್ ಮಾಡ್ಸಿಯೇ ಕಾಯಿಲೆ ಹೌದೋ ಅಲ್ವೋ ಹೇಳ್ಬಹುದಲ್ಲ?"

"ಆಗೂದಿಲ್ಲ ಡಾಕ್ಟ್ರೇ. ಇದು ಬಹಳ ಜನರ ಸ್ಕ್ಯಾನ್ ಸೇರ್ಸಿ ಸರಾಸರಿ ತೆಗ್ದದ್ದು. ಕಾರವಾರದವರ ಸರಾಸರಿ ಎತ್ತರ ಅಂಕೋಲೆಯವರಿಗಿಂತ ಒಂದು ಬೆರಳು ಹೆಚ್ಚು ಅಂತ ಇಟ್ಕೊಳ್ಳಿ. ಬಸ್ಸಿಂದ ಇಳಿದವನ ಎತ್ತರ ಕಂಡು ಇವ ಇಂಥ ಊರಿನವ ಅಂತ ಹೇಳೂಕೆ ಬರ್ತದಾ? ಗಡ್ಡೆ ಇಲ್ಲ, ಪೆಟ್ಟಾಗಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೂಕೆ ಸ್ಕ್ಯಾನ್ ಬೇಕಾಗ್ಬಹುದು. ಸ್ಕಿಜೋಫ್ರೇನಿಯಾ ಅಂತ ತೀರ್ಮಾನ ಮಾಡ್ಬೇಕಾದ್ರೆ ರೋಗಿ ಹತ್ರ ಕೂತು ಮಾತಾಡ್ಬೇಕು. ಬೇರೆ ದಾರಿ ಇನ್ನೂ ಇಲ್ಲ."

ಸಂದೀಪನಿಗೆ ಸಮಾಧಾನವಾಗಲಿಲ್ಲ. "ನಾ ಮೊನ್ನೆ ಒಂದು ಹುಡುಗಿದು ಮಾಡ್ಸಿದ್ದೆ. ಅಂಕೋಲೆ ಹತ್ರ ಕೇಣಿ ಕಡೆದು, ನರ್ಸಿಂಗ್ ಓದ್ತಿತ್ತು. ಮಿದುಳು ಸೊರಗಿದ್ದು ನಂಗೆ ಕಣ್ಣಿಗೇ ಕಂಡಿತು. ಅದರ ತಾಯಿಗೆ ಹೇಳ್ಬಿಟ್ಟೆ, ಇನ್ನು ಓದೂದೆಲ್ಲ ಆಗೂದಲ್ಲ, ಮನೇಲಿ ಇಟ್ಕೊಳ್ಳಿ ಅಂತ."

ಅಮಿತಾ ಪರದೆಯ ಮೇಲಿನ ಚಿತ್ರ ಆರಿಸಿದಳು. ಆಮೇಲೆ, "ಆ ಹುಡುಗಿಯ ಮನೆ ಎಲ್ಲಿ ಹೇಳಿ. ನಾನು ನೋಡ್ಬೇಕು," ಎಂದಳು.

ಮನೇಲಿ ಇಟ್ಕೊಳ್ಳಿ ಎಂಬ ಮಾತನ್ನು ಅವಳು ಹಿಂದೊಮ್ಮೆ ಕೇಳಿದ್ದಳು. ಆಗ ಅದು ಅವಳ ಬಗ್ಗೆಯೇ ಆಡಿದ ಮಾತಾಗಿತ್ತು.

ಅಮಿತಾ ಅಂಕೋಲಾ ಹತ್ತಿರದ ಬೆಳಂಬಾರದವಳು. ಅಪ್ಪ ದೇವಾನಂದ ಅಂಚೆ ಇಲಾಖೆಯಲ್ಲಿದ್ದವರು. ಮಗಳು ಎಂಬಿಬಿಎಸ್ ಮುಗಿಸಿ ಮನೋವೈದ್ಯೆಯಾಗಲು ದೂರದ ಊರಿನ ಕಾಲೇಜು ಸೇರಿದಾಗ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಎರಡನೆಯ ವರ್ಷದಲ್ಲಿ, ವಾರ್ಡಿನ ಫ್ಯಾನು ತಿರುಗುವ ಸದ್ದಿನ ನಡುವೆ, ಒಬ್ಬ ಹೆಂಗಸು ಅಮಿತಾಳ ಕುರಿತು ಕೊಂಕಣಿಯಲ್ಲಿ ಮಾತಾಡತೊಡಗಿದಳು. ಮನೆಯಲ್ಲಿ ಯಾರೂ ಕೊಂಕಣಿ ಆಡುವವರಲ್ಲ; ಮೀನು ಮಾರ್ಕೆಟ್ಟಿನಲ್ಲಿ ಕಿವಿಗೆ ಬಿದ್ದಷ್ಟೇ ಅವಳಿಗೆ ಗೊತ್ತು. ಆ ಹೆಂಗಸು ಮಾತ್ರ ಬಿಡುವಿಲ್ಲದೆ ಹೇಳುತ್ತಿದ್ದಳು: ಈಗ ಕೈ ತೊಳೆದಳು ನೋಡು, ಈಗ ರೋಗಿಯ ಹತ್ತಿರ ಹೋದಳು ನೋಡು, ಸುಳ್ಳು ಡಾಕ್ಟರು ನೋಡು. ಅದೇ ಕಾಯಿಲೆಯ ಪುಸ್ತಕ ಓದುತ್ತ, ಅದೇ ಕಾಯಿಲೆಯವರಿಗೆ ಔಷಧ ಬರೆಯುತ್ತ ಇದ್ದರೂ ತನಗೆ ಆಗಿರುವುದು ಅದೇ ಎಂದು ಅಮಿತಾಳಿಗೆ ಹೊಳೆಯಲಿಲ್ಲ. ಸಹಪಾಠಿಗಳು ಫ್ಯಾನಿನೊಳಗೆ ಏನನ್ನೋ ಅಡಗಿಸಿದ್ದಾರೆಂದು ನಂಬಿ ಒಂದು ಮಧ್ಯಾಹ್ನ ಸ್ಟೂಲು ಹತ್ತಿ ಅದನ್ನು ಬಿಚ್ಚಲು ಹೋದಳು.

ಸುದ್ದಿ ತಿಳಿದು ಅಪ್ಪ ಓಡಿ ಬಂದರು. ಪ್ರೊಫೆಸರು ಅವಳ ಎದುರಿಗೇ, ಅವಳು ಅಲ್ಲಿಲ್ಲವೇನೋ ಎಂಬಂತೆ, "ಇವಳ ಓದು ಇಲ್ಲಿಗೆ ಮುಗೀತು. ಮನೇಲಿ ಇಟ್ಕೊಳ್ಳಿ," ಎಂದರು.

ದೇವಾನಂದ ಮಗಳನ್ನು ಬೆಳಂಬಾರಕ್ಕೆ ಕರೆತಂದು ಊರವರಿಗೆ ಕಾಮಾಲೆ ಎಂದು ಹೇಳಿದರು. ಮೊದಲು ಕೊಟ್ಟ ಮಾತ್ರೆ ಹಿಡಿಸಲಿಲ್ಲ, ಬದಲಿಸಿದ್ದು ಹಿಡಿಸಿತು. ಹೆಂಗಸಿನ ದನಿ ನಿಧಾನವಾಗಿ ದೂರ ಸರಿದು, ಪಕ್ಕದ ಮನೆಯ ರೇಡಿಯೋದಷ್ಟಾಯಿತು. ಅಪ್ಪ ಬ್ಯಾಂಕ್ ಪರೀಕ್ಷೆಯ ಪುಸ್ತಕ ತಂದಿಟ್ಟರು. ಅಮಿತಾ ಅದನ್ನು ತೆರೆಯಲಿಲ್ಲ. ವಾಪಸು ಕಾಲೇಜಿಗೆ ಹೋಗಿ, ಸೇರಿಸಿಕೊಳ್ಳುವುದಿಲ್ಲ ಎಂದವರ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತಳು. ಮರುದಿನವೂ ಕೂತಳು. ಇವಳು ಏಳುವವಳಲ್ಲ ಎಂದು ಗೊತ್ತಾದ ಮೇಲೆ ಸೇರಿಸಿಕೊಂಡರು.

ಈಗ ಅವಳು ಧಾರವಾಡದ ಕಡೆಯ ಸಂಶೋಧನಾ ಕೇಂದ್ರವೊಂದರಲ್ಲಿ ಸ್ಕಿಜೋಫ್ರೇನಿಯಾದ ಸ್ಕ್ಯಾನುಗಳ ಮೇಲೆ ಕೆಲಸ ಮಾಡುತ್ತಿದ್ದಳು; ಬಳಗದ ಪಾಠಕ್ಕೆ ಊರಿಗೆ ಬಂದುಹೋಗುತ್ತಿದ್ದಳು. ತನ್ನ ಡಾಕ್ಟರನ್ನು ತಪ್ಪದೆ ನೋಡುತ್ತಿದ್ದಳು; ಅವರು ರಜೆ ಹಾಕು ಎಂದ ದಿನ ವಾದ ಮಾಡದೆ ಹಾಕುತ್ತಿದ್ದಳು. ಕೇಂದ್ರದ ಮುಖ್ಯಸ್ಥರಿಗೆ ಎಲ್ಲ ಗೊತ್ತಿತ್ತು. ಊರಲ್ಲಿ ಅಪ್ಪ, ಆಯಿ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕೇಣಿಯ ಹತ್ತಿರದ ಆ ಮನೆ ಹುಡುಕಿಕೊಂಡು ಹೋದಾಗ ಹುಡುಗಿಯ ತಾಯಿ ಸುಕ್ರಿ ಅಂಗಳದಲ್ಲಿ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಅಂಕೋಲೆಯಲ್ಲಿ ತರಕಾರಿ ಮಾರಿ ಮಗಳನ್ನು ಓದಿಸಿದವಳು. ಡಾಕ್ಟರೆಂದು ತಿಳಿದ ಕೂಡಲೇ ಎದ್ದು ಸೆರಗಲ್ಲಿ ಕೈ ಒರೆಸಿಕೊಂಡಳು.

"ಎಂತಾ ಮಾಡೂದು ಡಾಕ್ಟ್ರಮ್ಮ, ಬೊಮ್ಮಿ ಉಣ್ಣೂದಿಲ್ಲ, ಮಲ್ಗೂದಿಲ್ಲ. ಅನ್ನದಲ್ಲಿ ಮದ್ದು ಹಾಕೀರಿ ಅಂತದೆ. ತಲೆ ಸೊರಗಿ ಹೋಗ್ಯದೆ ಅಂದ್ರು ಅಂಕೋಲೆ ಡಾಕ್ಟ್ರು. ಸೊರಗಿದ್ದು ಮತ್ತೆ ಚಿಗರ್ತದಾ?"

ಅವಳು ಒಳಗಿನಿಂದ ತಂದ ಸ್ಕ್ಯಾನ್ ಫಿಲ್ಮನ್ನು ಅಮಿತಾ ಬಿಸಿಲಿಗೆ ಹಿಡಿದು ಒಂದೊಂದೇ ಚೌಕವನ್ನು ನೋಡಿದಳು.

"ಇದ್ರಲ್ಲಿ ಎಂತದೂ ಸೊರಗಲಿಲ್ಲ ಸುಕ್ರಕ್ಕಾ. ನಿಮ್ಮ ಮಗಳಿಗೆ ಕಾಯಿಲೆ ಅದೆ, ಹೌದು. ಅದು ಈ ಫಿಲ್ಮಲ್ಲಿ ಕಾಣೂದಲ್ಲ. ನಾ ಹುಡುಗಿ ಹತ್ರ ಮಾತಾಡ್ತೆ."

ಬೊಮ್ಮಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಮಿತಾ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನೀವೂ ಅದ್ನೇ ಹೇಳೂಕೆ ಬಂದ್ರಾ?" ಎಂದಳು ಬೊಮ್ಮಿ. "ನಂಗೆ ಕೇಳೂದು ಸುಳ್ಳು ಅಂತ?"

"ಇಲ್ಲ. ಎಂತಾ ಕೇಳ್ತದೆ ಹೇಳು."

ಬೊಮ್ಮಿ ತಿರುಗಿ ನೋಡಿದಳು. ಈ ಪ್ರಶ್ನೆಯನ್ನು ಯಾರೂ ಕೇಳಿದಂತಿರಲಿಲ್ಲ. "ವಾರ್ಡಿನ ಸಿಸ್ಟರ್ ದನಿ. ನಾ ಸಲೈನ್ ತಪ್ಪು ಹಾಕ್ದೆ, ಪೇಶಂಟ್ ಅಜ್ಜಿ ಸತ್ತೋಯ್ತು, ನಾ ಕೊಂದೆ ಅಂತ."

"ಸತ್ತೋಗಿತ್ತಾ ಅಜ್ಜಿ?"

"ಇಲ್ಲ. ಮನೆಗೆ ಹೋಯ್ತು. ನಾನೇ ರಿಕ್ಷಾ ಹತ್ಸಿದ್ದೆ. ಆದ್ರೂ ಹೇಳೂದು ನಿಲ್ಸೂದಿಲ್ಲ." ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು. "ಮಾತ್ರೆ ತಿಂದ್ರೆ ಬುದ್ಧಿ ಮಂಕಾಗ್ತದೆ. ನಿಮ್ಗೆಂತಾ ಗೊತ್ತು? ನೀವು ಬರ್ದು ಕೊಟ್ಟು ಹೋತ್ರಿ."

ಅಮಿತಾ ಬಾಗಿಲ ಕಡೆ ನೋಡಿದಳು. ಸುಕ್ರಿ ಹೊಸ್ತಿಲಲ್ಲೇ ನಿಂತಿದ್ದಳು. ಅವಳನ್ನು ಹೊರಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಚೀಲದಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಬೊಮ್ಮಿಯ ಮುಂದೆ ಇಟ್ಟಳು.

"ಇದು ನಂದು. ದಿನಾ ಊಟ ಆದ್ಮೇಲೆ ತಿಂತೆ. ಬಾಯಿ ಒಣಗ್ತದೆ, ಬೆಳಿಗ್ಗೆ ಏಳೂಕೆ ಕಷ್ಟ, ದಪ್ಪನೂ ಆಗಿದ್ದೆ. ಇದನ್ನೆಲ್ಲ ಮುಚ್ಚಿಟ್ಟು ತಿನ್ನು ಅಂತ ಹೇಳೂದಿಲ್ಲ. ನಂಗೂ ಒಂದು ಹೆಂಗ್ಸು ಮಾತಾಡೂದು ಕೇಳ್ತಿತ್ತು. ಕೊಂಕಣಿಲಿ."

"ಕೊಂಕಣಿಲಿ? ನಿಮ್ಗೆ ಕೊಂಕಣಿ ಬತ್ತದಾ?"

"ಸಮಾ ಬರೂದಿಲ್ಲ. ಅದ್ಕೇ ಮತ್ತಷ್ಟು ಸಿಟ್ಟು ಬರ್ತಿತ್ತು."

ಬೊಮ್ಮಿ ನಕ್ಕಳು. ಮಗಳು ನಗುವುದನ್ನು ಕಂಡು ಸುಕ್ರಿ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು.

ಮಾತ್ರೆ ಶುರುವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬೊಮ್ಮಿ ತಾಯಿಯ ಜೊತೆ ಕೂತು ಉಣ್ಣುವಷ್ಟಾದಳು. ಸಿಸ್ಟರ್ ದನಿ ಪೂರ್ತಿ ಹೋಗಿರಲಿಲ್ಲ, ಆದರೆ ಅದಕ್ಕೆ ಮೊದಲಿನ ದರ್ಪ ಇರಲಿಲ್ಲ. ಮತ್ತೆ ಕಾಲೇಜಿಗೆ ಹೋಗುತ್ತೇನೆ ಎನ್ನತೊಡಗಿದಳು.

ಸುಕ್ರಿಯ ಸಂತೋಷಕ್ಕೆ ಬಾಯಿ ಕಟ್ಟಲಾಗಲಿಲ್ಲ. ಅಂಕೋಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಾಗ ಮಗಳು ಹೇಗಿದೆ ಎಂದು ಕೇಳಿದವರಿಗೆಲ್ಲ ಹೇಳಿದಳು. "ಚಲೋ ಆಗ್ತಾ ಅದೆ. ಬೆಳಂಬಾರದ ಡಾಕ್ಟ್ರಮ್ಮಂಗೂ ಅದೇ ಕಾಯ್ಲೆಯಂತೆ. ಅದು ಮಾತ್ರೆ ನುಂಗ್ತದೆ, ಡಾಕ್ಟ್ರುಗಳಿಗೇ ಪಾಠ ಹೇಳ್ತದೆ. ನಮ್ಮ ಬೊಮ್ಮಿಗೆ ಎಂತಾ ಕಮ್ಮಿ?"

ಅವಳು ಅಭಿಮಾನದಿಂದ ಹೇಳಿದ ಮಾತು ಬಾಯಿಂದ ಬಾಯಿಗೆ ಹೋಗುತ್ತ ಬೇರೆ ಬಣ್ಣ ತಾಳಿತು. ಮಾತ್ರೆ ನುಂಗೂ ಡಾಕ್ಟ್ರಮ್ಮ ಎಂದು ಜನ ನಗಾಡಿದರು. ಸಂದೀಪನ ಕ್ಲಿನಿಕ್ಕಿಗೆ ಸುದ್ದಿ ಮುಟ್ಟಿತು. ಕಾರವಾರಕ್ಕೂ ಮುಟ್ಟಿತು. ದೇವಾನಂದರಿಗೆ ಗೊತ್ತಾದದ್ದು ಕ್ಷೌರದ ಅಂಗಡಿಯಲ್ಲಿ, ಕೆನ್ನೆಗೆ ಸಾಬೂನು ಹಚ್ಚಿಸಿಕೊಂಡು ಕೂತಿದ್ದಾಗ. ಅರ್ಧ ಕ್ಷೌರಕ್ಕೇ ಎದ್ದು ಬಂದರು.

ಆ ಶನಿವಾರ ಅಮಿತಾ ಮನೆಗೆ ಬಂದಾಗ ಅವರು ಜಗಲಿಯಲ್ಲಿ ಕಾಯುತ್ತಿದ್ದರು.

"ಯಾಕೆ ಹೇಳ್ದೆ? ಇಷ್ಟು ವರ್ಷ ಮುಚ್ಚಿಟ್ಟದ್ದು ಯಾರಿಗಾಗಿ?"

"ನೀವೇ ಹೇಳಿ ಅಪ್ಪಾ. ಯಾರಿಗಾಗಿ?"

"ನಿಂಗಾಗಿ!"

"ನಾ ಕೇಳ್ಲಿಲ್ಲ. ಆ ಹುಡುಗಿ ಅನ್ನ, ನಿದ್ದೆ ಬಿಟ್ಟು ಕೂತಿತ್ತು. ನಾ ಬಾಯ್ಮುಚ್ಕಂಡು ಬರ್ಬೇಕಿತ್ತಾ?"

ಬಾವಿಕಟ್ಟೆಯ ಹತ್ತಿರ ಬಂಗಡೆ ಹೆಚ್ಚುತ್ತಿದ್ದ ತಾಯಿ ಹೀರಾ ಕತ್ತಿ ಕೆಳಗಿಟ್ಟು ಎದ್ದು ಬಂದಳು. "ನಂಗೂ ಸಾಕಾಗ್ಯದೆ ಕಾಮಾಲೆ ಕಾಮಾಲೆ ಹೇಳಿ. ಊರವ್ರು ತಂದ್ಕೊಟ್ಟ ನೆಲನೆಲ್ಲಿ ಕಷಾಯ ಎಲ್ಲ ನಾನೇ ಕುಡ್ದು ಮುಗ್ಸಿದ್ದೆ. ಆ ಕಹಿ ಇನ್ನೂ ಬಾಯಲ್ಲಿ ಅದೆ. ಇನ್ನು ಒಂದು ಸುಳ್ಳೂ ಹೇಳೂದಿಲ್ಲ ನಾ." ಅಷ್ಟು ಹೇಳಿ ಮತ್ತೆ ಮೀನಿನ ಹತ್ತಿರ ಹೋದಳು. ದೇವಾನಂದ ಮಗಳ ಮುಖ ನೋಡದೆ ತೋಟದ ಕಡೆ ನಡೆದರು.

ಸಂಜೆ ಸುಬ್ರಾಯರು ಬಂದರು. ಘಟ್ಟದ ಮೇಲಿನ ಮನೆತನದವರು, ಕಾರವಾರದಲ್ಲೇ ಕೂದಲು ನರೆಸಿಕೊಂಡವರು, ಯಾರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಚಹಾ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

"ಅಮಿತಾ, ತಪ್ಪು ತಿಳೀಬೇಡಿ. ನಾಳೆ ಪಾಠ ಮುಂದೂಡೋಣ ಅಂತ. ನಿಮಗೆ ಆರೋಗ್ಯ ಸರಿ ಇಲ್ಲ ಅಂತ ಹೇಳಿದ್ರೆ ಆಯ್ತು."

"ನನ್ನ ಆರೋಗ್ಯ ಸರಿ ಇದೆ ಸರ್."

"ಸಂದೀಪ, ಮತ್ತೆ ಕೆಲವರು ಪಟ್ಟು ಹಿಡ್ದಿದ್ದಾರೆ. ಇಂಥವರ ಹತ್ರ ನಾವು ಕಲೀಬೇಕಾ ಅಂತ. ನಂದೇನಿಲ್ಲ."

"ನಿಮ್ಮದೇನಿಲ್ಲ ಅಂದ್ರೆ ಅವರಿಗೆ ಅದನ್ನೇ ಹೇಳ್ಬಹುದಿತ್ತು. ಇಷ್ಟು ದೂರ ಬಂದು ನನಗೆ ಯಾಕೆ ಹೇಳ್ತಿದ್ದೀರಿ?" ಅಮಿತಾಳ ದನಿ ಏರಲಿಲ್ಲ. "ನಾನು ಕಲಿಸಿದ್ದರಲ್ಲಿ ತಪ್ಪು ಇತ್ತಾ ಸರ್?"

"ಛೆ ಛೆ, ಇಲ್ಲ."

"ಹಾಗಾದ್ರೆ ನಾಳೆ ಬರ್ತೇನೆ. ಬಾಗಿಲು ಹಾಕಿದ್ರೆ ಮೆಟ್ಟಿಲ ಮೇಲೆ ನಿಂತು ಪಾಠ ಮಾಡ್ತೇನೆ. ಬೆಂಚಿನ ಮೇಲೆ ಕೂತು ಗೆದ್ದವಳು ನಾನು. ನಿಲ್ಲೂದು ಕಷ್ಟ ಅಲ್ಲ."

ಮರುದಿನ ಬಾಗಿಲು ತೆರೆದೇ ಇತ್ತು. ಎಂದೂ ಬಾರದವರೂ ಬಂದು ಕುರ್ಚಿಗಳು ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಪಾಠಕ್ಕಿಂತ ಹೆಚ್ಚಾಗಿ ಅವಳನ್ನು ನೋಡಲು ಬಂದವರು. ಕಿಟಕಿಯಾಚೆ ಕಾಳಿ ನದಿ ಸಮುದ್ರದ ಭರತಕ್ಕೆ ತುಂಬಿಕೊಂಡಿತ್ತು. ಬಸ್ಸಿನಲ್ಲಿ ಬರುವಾಗ ಅಮಿತಾಳ ಕಿವಿಯಲ್ಲಿ ಆ ಕೊಂಕಣಿ ಹೆಂಗಸು ಬಹಳ ದಿನಗಳ ಮೇಲೆ ಹತ್ತಿರ ಬಂದು ನಕ್ಕಿದ್ದಳು. ಅಮಿತಾ ತನ್ನ ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿದ್ದಳು. "ಹೆದರಿಕೆಗೆ ಬಂದಿರ್ತದೆ. ಪಾಠ ಮಾಡಿ ಮುಗಿಸಿ ಮತ್ತೆ ಫೋನ್ ಮಾಡು," ಎಂದಿದ್ದರು ಅವರು.

ಅವಳು ಬಾಯಿ ತೆರೆಯುವ ಮೊದಲೇ ಸಂದೀಪ ಎದ್ದ. "ಮೇಡಂ, ನೇರ ಕೇಳ್ತೇನೆ. ನಮ್ಗೆ ಕಲಿಸೂರ ತಲೆ ಸರಿ ಇದೆಯಾ ಅಂತ ಕೇಳೂ ಹಕ್ಕು ನಮ್ಗಿಲ್ವಾ?"

"ಇದೆ. ಕೂತ್ಕೊಳ್ಳಿ, ತೋರಿಸ್ತೇನೆ."

ಪರದೆಯ ಮೇಲೆ ಒಂದು ಮಿದುಳಿನ ಚಿತ್ರ ಬಂತು.

"ಇದು ನನ್ನ ಮಿದುಳು. ಸ್ಕಿಜೋಫ್ರೇನಿಯಾ ಇರುವ ಮಿದುಳು. ಹಿಂದೊಮ್ಮೆ ದನಿ ಮತ್ತೆ ಜೋರಾಗಿ ರಜೆಯಲ್ಲಿದ್ದೆ. ಆಗ ನಮ್ಮದೇ ಕೇಂದ್ರದ ಅಧ್ಯಯನಕ್ಕೆ ನಾನೇ ಒಪ್ಪಿ ಮಷೀನಿನೊಳಗೆ ಮಲಗಿದೆ. ದನಿ ಬಂದಾಗೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಿದೆ. ಈ ಕೆಂಪು ಜಾಗ ಕಾಣ್ತದಲ್ಲ, ವರ್ಷಗಟ್ಟಲೆ ನನಗೆ ಸುಳ್ಳು ಡಾಕ್ಟರು ಅಂತ ಹೇಳಿದವಳು ಇಲ್ಲಿದ್ದಾಳೆ. ಮೊದಲ ಸಲ ಇದನ್ನು ಕಂಡಾಗ ಅತ್ತುಬಿಟ್ಟಿದ್ದೆ. ಅವಳ ವಿಳಾಸ ಸಿಕ್ಕಿತಲ್ಲ ಅಂತ."

ಗೋಡೆಗೆ ಒರಗಿದ್ದವರು ಪರದೆ ಕಾಣಲು ಮುಂದೆ ಬಾಗಿದರು.

"ಇನ್ನೊಂದು ಮಾತು. ನಾನು ಗುಂಡಿ ಒತ್ತಿ ಹೇಳಿದ್ದಕ್ಕೆ ಮಷೀನಿಗೆ ಯಾವ ಗಳಿಗೆ ನೋಡ್ಬೇಕು ಅಂತ ಗೊತ್ತಾಯ್ತು. ನಾನು ಹೇಳದೇ ಇದ್ದಿದ್ರೆ ಇದು ಬರೀ ಒಂದು ಮಿದುಳು. ನಿಮ್ಮ ಮಿದುಳಿನ ಪಕ್ಕ ಇಟ್ರೆ ಯಾರದ್ದು ಯಾವುದು ಅಂತ ನಾನೂ ಹೇಳಲಾರೆ. ರೋಗಿಯ ಬಾಯಿ ಮುಚ್ಚಿಸಿ ಫಿಲ್ಮ್ ನೋಡಿದ್ರೆ ಏನೂ ಸಿಗೂದಿಲ್ಲ."

"ಈಗ ಇಲ್ಲೇ, ನಮ್ಮೆದುರಿಗೆ ದನಿ ಬಂದ್ರೆ?" ಎಂದ ಸಂದೀಪ.

"ಬಸ್ಸಲ್ಲೇ ಬಂದಿತ್ತು. ನಾನು ಬರೂದು ನಿಲ್ಲಿಸ್ಲಿಲ್ಲ. ತೀರಾ ಹೆಚ್ಚಾದ್ರೆ ಕೂತ್ಕೊಳ್ತೇನೆ, ನನ್ನ ಡಾಕ್ಟ್ರಿಗೆ ಫೋನ್ ಮಾಡ್ತೇನೆ. ನಿಮಗೆ ಎದೆನೋವು ಬಂದ್ರೆ ನೀವು ಮಾಡೂದೂ ಅಷ್ಟೇ ತಾನೇ?" ಅಮಿತಾ ಮೇಜು ಬಿಟ್ಟು ಮುಂದೆ ಬಂದಳು. ಮಾತ್ರೆಯ ದೆಸೆಯಿಂದ ಅವಳ ಬೆರಳು ಸಣ್ಣಗೆ ನಡುಗುತ್ತಿತ್ತು. ಅದನ್ನು ಮರೆಮಾಡಲಿಲ್ಲ. "ನನ್ನ ಪಾಠದಲ್ಲಿ ತಪ್ಪಿದ್ರೆ ತೋರಿಸಿ, ತಿದ್ಕೊಳ್ತೇನೆ. ನನ್ನ ಕಾಯಿಲೆಯನ್ನೇ ತಪ್ಪು ಅಂತ ತೋರಿಸಿದ್ರೆ ಒಪ್ಪೂದಿಲ್ಲ. ಹೋಗುವವರು ಈಗ ಹೋಗ್ಬಹುದು. ನಾನು ಹೋಗೂದಿಲ್ಲ."

ಸಂದೀಪ ಚೀಲ ಎತ್ತಿಕೊಂಡು ಹೊರಟ. ಅವನ ಹಿಂದೆ ಏಳೆಂಟು ಜನ ಎದ್ದರು. ಬಾಗಿಲು ಮುಚ್ಚಿತು.

ಉಳಿದವರಲ್ಲಿ ಮೊದಲು ಮಾತಾಡಿದವರು ಸುಬ್ರಾಯರು. "ಮಾತ್ರೆ ನಿಲ್ಲಿಸಿಬಿಡೋಣ ಅಂತ ನಿಮಗೆ ಎಂದಾದ್ರೂ ಅನ್ನಿಸಿತ್ತಾ?"

"ಎರಡು ಸಲ ನಿಲ್ಲಿಸಿದ್ದೆ ಸರ್. ಯಾಕೆ ನಿಲ್ಲಿಸಿದೆ ಅಂತ ಹೇಳ್ತೇನೆ ಕೇಳಿ, ನಿಮ್ಮ ರೋಗಿಗಳೂ ಅದಕ್ಕೇ ನಿಲ್ಲಿಸ್ತಾರೆ."

ಅಲ್ಲಿಂದ ಮುಂದೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು, ಯಾವ ಪುಸ್ತಕದಲ್ಲೂ ಸಿಗದೆ ಆ ಡಾಕ್ಟರುಗಳ ಮನಸ್ಸಲ್ಲೇ ಉಳಿದಿದ್ದ ಪ್ರಶ್ನೆಗಳು. ಮನೆಯವರು ಅನ್ನದಲ್ಲಿ ಮಾತ್ರೆ ಕಲಸಿ ಕೊಟ್ಟರೆ ರೋಗಿಗೆ ಏನನ್ನಿಸುತ್ತದೆ? ಅನುಮಾನದಿಂದ ನೋಡುವವರ ಹತ್ತಿರ ಮೊದಲ ಮಾತು ಏನಾಡಬೇಕು? ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ.

ಸಂದೀಪ ಮತ್ತು ಅವನ ಕಡೆಯವರು ಬಳಗ ಬಿಟ್ಟರು. ಮುಂದಿನ ತಿಂಗಳು ಸಭಾಂಗಣದ ಮಾಲೀಕರು ಜಾಗ ಕೊಡಲು ಹಿಂದೆಮುಂದೆ ನೋಡಿದರು. ಸುಬ್ರಾಯರು ಫೋನಿನಲ್ಲಿ ಅಮಿತಾಳಿಗೆ ಈ ವಿಷಯ ಹೇಳುತ್ತಿದ್ದಾಗ ದೇವಾನಂದ ಅವಳ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಆ ಜಗಳದ ನಂತರ ಮಗಳೊಡನೆ ಅವರು ಹೆಚ್ಚು ಮಾತಾಡಿರಲಿಲ್ಲ.

"ನಮ್ಮ ಅಂಗಳ ಅದೆಯಲ್ಲ," ಎಂದರು. "ಶಾಮಿಯಾನ ಹಾಕ್ಸಿದ್ರೆ ಬಿಸಿಲು ಬೀಳೂದಿಲ್ಲ."

ಅಮಿತಾ ಅವರನ್ನೇ ನೋಡಿದಳು. "ಊರೆಲ್ಲ ಕಾಣ್ತದೆ ಅಪ್ಪಾ."

"ಕಾಣ್ಲಿ."

ಅದೇ ವಾರ ಬೊಮ್ಮಿ ಕಾಲೇಜಿಗೆ ಹೋದಳು. ಜೊತೆಗೆ ಸುಕ್ರಿ, ಅಮಿತಾ ಇಬ್ಬರೂ ಇದ್ದರು. ಮತ್ತೆ ಹೀಗಾಗುವುದಿಲ್ಲ ಎಂದು ಯಾರು ಭರವಸೆ ಕೊಡುತ್ತೀರಿ ಎಂದು ಪ್ರಾಂಶುಪಾಲರು ಕೇಳಿದರು. ಅಮಿತಾ ಬಾಯಿ ತೆರೆಯುವಷ್ಟರಲ್ಲಿ ಬೊಮ್ಮಿಯೇ ಹೇಳಿದಳು: "ಆಗ್ಬಹುದು ಮೇಡಂ. ಆದ್ರೆ ಔಷಧ ತಕಂಡು, ರಜೆ ಹಾಕಿ, ಮತ್ತೆ ಬತ್ತೆ. ಓದೂದು ಬಿಡೂದಿಲ್ಲ." ಪ್ರಾಂಶುಪಾಲರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೋಮವಾರದಿಂದ ಬಾ ಎಂದರು.

ಭಾನುವಾರ ಬೆಳಂಬಾರದ ಅಂಗಳದಲ್ಲಿ ಡಾಕ್ಟರುಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಹೀರಾ ಚಹಾ ಕೊಡುತ್ತಿದ್ದಳು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಸೈಕಲ್ ನಿಲ್ಲಿಸಿ ಬೇಲಿಯ ಮೇಲಿಂದ ಇಣುಕಿದ.

"ದೇವಾನಂದಣ್ಣ, ಎಂತಾ ಗೌಜು? ನಿಮ್ಮ ಮಗ್ಳಿಗೆ ತಲೆ ಸರಿ ಇಲ್ಲ ಅಂತ್ರು, ಹೌದಾ?"

ದೇವಾನಂದ ಬೇಲಿಯ ತನಕ ನಡೆದುಹೋದರು. "ಕಾಯ್ಲೆ ಅದೆ, ಹೌದು. ಮಾತ್ರೆ ತಿಂತದೆ. ಈಗ ಡಾಕ್ಟ್ರುಗಳಿಗೆ ಅದ್ರದ್ದೇ ಪಾಠ ಹೇಳ್ತಾ ಅದೆ. ಮತ್ತೆಂತಾ ಕೇಳೂದಿತ್ತು ನಿಂಗೆ?"

ಅವನು ಸೈಕಲ್ ತುಳಿದು ಹೊರಟ. ಅಂಗಳದಲ್ಲಿ ಅಮಿತಾ ಪಾಠ ಶುರು ಮಾಡಿದಳು.